ಮಳೆಗಾಲದ ಟ್ರೇನಿಂಗ್‌ನಲ್ಲಿ ಊಟ ಕಮ್ಮಿ ಮಾಡಬೇಡಿ: ನನ್ನ ಅನುಭವ

ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಓಡಿದರೆ ಹಾಸಿಗೆ ಹಿಡಿಯೋದು ಗ್ಯಾರಂಟಿ ಅಂತ ನಮ್ಮ ಟೀಮಿನವರೆಲ್ಲ ಹೇಳುತ್ತಿದ್ದರು. ಕಳೆದ ಮಳೆಗಾಲ ಪೂರ್ತಿ ಓಡಿದೆ. ನೆಗಡಿಯಿಂದ ಮಲಗಿದ್ದು ಒಂದೆರಡು ದಿನ ಅಷ್ಟೆ. ನಲವತ್ತು ದಾಟಿದ ಮೇಲೂ ಈ ಸಲದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಕೊನೇ ಕ್ವಾರ್ಟರ್‌ವರೆಗೆ ಹುಡುಗರ ಸಮಕ್ಕೆ ಓಡಿದ್ದೇನೆ, ನೋಡಿದವರನ್ನು ಕೇಳಿ.

ಮೊದಲು ಟ್ರೇನರ್ ಹೇಳಿದ ಹಾಗೆ ಬೆಳಿಗ್ಗೆ ಒಂದು ಲೋಟ ಕರಿ ಕಾಫಿ ಕುಡಿದು ಖಾಲಿ ಹೊಟ್ಟೆಯಲ್ಲಿ ಏರು ಓಡುತ್ತಿದ್ದೆ, ರಾತ್ರಿ ಅನ್ನ ಇಲ್ಲ. ತೂಕ ಇಳಿಯಿತು ನಿಜ. ಆದರೆ ಓಟ ಜೋರಾದ ವಾರವೇ ಗಂಟಲು ಹಿಡಿಯುತ್ತಿತ್ತು, ತೊಡೆ ನೋವು ಬಿಡುತ್ತಲೇ ಇರಲಿಲ್ಲ. ಇಮ್ಯೂನಿಟಿ ಅಂತ ಬರೆದ ಡಬ್ಬಗಳು, ಮಾತ್ರೆ, ಪ್ರೋಟೀನ್ ಪುಡಿ, ಎಲ್ಲ ಸೇರಿ ಒಂದು ಸೀಸನ್ನಿಗೆ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು.

ಬದಲಾಯಿಸಿದ್ದು ಇಷ್ಟು. ಓಡುವ ಮುಂಚೆ ಒಂದು ಕಡಂಬುಟ್ಟು (ಅಕ್ಕಿ ತರಿಯ ಹಬೆಯುಂಡೆ) ಅಥವಾ ಎರಡು ಬಾಳೆಹಣ್ಣು. ಒಂದು ಗಂಟೆ ಮೀರಿದರೆ ಬಾಟಲಿಯಲ್ಲಿ ಬೆಲ್ಲದ ನೀರು, ಚಿಟಿಕೆ ಉಪ್ಪು. ಗಂಟೆಗೆ 30 ಗ್ರಾಂ ಕಾರ್ಬ್ಸ್ (ಪಿಷ್ಟ, ಸಕ್ಕರೆ) ಆದರೂ ಒಳಗೆ ಹೋಗಬೇಕು. ಹೊಟ್ಟೆಗೆ ಇಲ್ಲದೆ ದುಡಿದರೆ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಇನ್ನೂ ಏರುತ್ತೆ, ಸೋಂಕಿನ ಜೊತೆ ಹೋರಾಡುವ ಶಕ್ತಿಗೂ ಅದರಿಂದ ಪೆಟ್ಟು ಬೀಳಬಹುದು. "ಪುಟ್ಟು ತಿಂದು ಯಾರಾದ್ರೂ ಓಡ್ತಾರಾ ಮಾರಾಯ?" ಅಂತ ನಮ್ಮ ಮಾವ ಕೇಳಿದ್ದರು. ಈಗ ಅವರ ಮಗನ ಬ್ಯಾಗಿನಲ್ಲೂ ಪುಟ್ಟು ಇರುತ್ತೆ.

ಪ್ರೋಟೀನ್ ಕಿಲೋ ತೂಕಕ್ಕೆ 1.6 ಗ್ರಾಂ ಲೆಕ್ಕ. ನನ್ನ ಎಪ್ಪತ್ತು ಕಿಲೋಗೆ ದಿನಕ್ಕೆ 110 ಗ್ರಾಂ ಸುಮಾರು, ಅದನ್ನು ನಾಲ್ಕು ಹೊತ್ತಿಗೆ ಹಂಚುತ್ತೇನೆ. ಪುಡಿಯ ಡಬ್ಬ ಮೂರು ಸಾವಿರ, ಒಂದು ಸ್ಕೂಪಿಗೆ ನೂರು ರೂಪಾಯಿ ಬೀಳುತ್ತಿತ್ತು. ಅಷ್ಟೇ ಪ್ರೋಟೀನ್ ನಾಲ್ಕು ಮೊಟ್ಟೆಯಲ್ಲಿದೆ, ಆಗ ಮೂವತ್ತು ರೂಪಾಯಿ ಒಳಗೆ ಸಿಗುತ್ತಿದ್ದವು. ಹಂದಿ ಮಾಡಿದ ದಿನ ಕೊಬ್ಬು ಬಿಟ್ಟು ಕೆಂಪು ಮಾಂಸದ ತುಂಡು ಆರಿಸಿಕೊಳ್ಳುತ್ತೇನೆ, ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ.

ನಡುವೆ ವಿಟಮಿನ್ ಸಿ ಮಾತ್ರೆಯನ್ನೂ ನೋಡಿದೆ. ಮ್ಯಾರಥಾನ್ ಓಟಗಾರರು, ಚಳಿ ಪ್ರದೇಶದ ಸೈನಿಕರು, ಇಂಥ ವಿಪರೀತ ದುಡಿಯುವವರಲ್ಲಿ ನೆಗಡಿ ಅರ್ಧಕ್ಕೆ ಇಳಿದದ್ದು ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮಂಥವರು ದಿನಾ ನುಂಗಿದರೂ ನೆಗಡಿ ಬರೋದು ಕಮ್ಮಿ ಆಗಲ್ಲ. ಡೋಸ್ ಜಾಸ್ತಿ ಆದರೆ ಟ್ರೇನಿಂಗಿನ ಫಲಕ್ಕೇ ಅಡ್ಡ ಬರಬಹುದು. ಬಿಟ್ಟೆ, ಸೀಬೆಹಣ್ಣು ತಿನ್ನುತ್ತೇನೆ. ಭಾರ ಹೊತ್ತು ಸ್ಕ್ವಾಟ್ (ಬಸ್ಕಿ) ಆದ ಕೂಡಲೇ ತೋಡಿನ ತಣ್ಣೀರಲ್ಲಿ ಕೂರುವುದನ್ನೂ ಮಾಡಿದೆ. ಆ ಹೊತ್ತಿಗೆ ಕಾಲಿಗೆ ಹಾಯ್ ಅನ್ನಿಸುತ್ತೆ, ಆದರೆ ತಿಂಗಳಾದರೂ ಎತ್ತುವ ಭಾರ ಏರಲಿಲ್ಲ, ಯಾಕಂದರೆ ತಣ್ಣೀರು ಸ್ನಾಯು ಬೆಳೆಯೋದನ್ನೇ ತಗ್ಗಿಸುತ್ತೆ. ಈಗ ಬೆನ್ನುಬೆನ್ನಿಗೆ ಮ್ಯಾಚ್ ಇದ್ದಾಗ ಮಾತ್ರ.

ತೊಡೆ ನೋವಿಗೆ ನಿಜವಾದ ಮದ್ದು ಇಳಿಜಾರಿನಲ್ಲಿದೆ. ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿದವರಿಗೆ ಗೊತ್ತು, 1748 ಮೀಟರ್ ಎತ್ತರದ ಆ ತುದಿಗೆ ಹತ್ತುವಾಗ ಎದೆ ಉರಿಯುತ್ತೆ, ಆದರೆ ಮಾರನೇ ದಿನ ಮೆಟ್ಟಿಲಲ್ಲಿ ಕಾಲು ನಡುಗಿಸೋದು ಇಳಿದದ್ದು. ಮ್ಯಾಚಿಗೆ ಎರಡು ವಾರ ಮೊದಲೇ ಎಸ್ಟೇಟಿನ ರಸ್ತೆಯಲ್ಲಿ ಹತ್ತು ನಿಮಿಷ ಇಳಿಜಾರು ಓಡಿ, ಕಾಲನ್ನು ನೋಯಿಸಿ ಬಿಟ್ಟುಬಿಡಿ. ಮುಂದಿನ ಸಲ ನೋವು ತುಂಬಾ ಕಮ್ಮಿ ಇರುತ್ತೆ. ಎಷ್ಟು ಕಡಿದಾದ ಇಳಿಜಾರು, ಯಾವ ಹೆಜ್ಜೆ ಅನ್ನೋದನ್ನು ಮುಂದಿನ ಹಾಕಿ ಹಬ್ಬ ಮುಗಿಯುವ ತನಕ ಹೇಳಲ್ಲ.

ನಿದ್ದೆ ಬಗ್ಗೆ ಒಂದೇ ವಿಷಯ. 2015ರಲ್ಲಿ ಅಮೆರಿಕದಲ್ಲಿ ಜನರ ಮೂಗಿಗೆ ನೆಗಡಿ ವೈರಸ್ ಹಾಕಿ ನೋಡಿದರು. ಏಳು ಗಂಟೆಗಿಂತ ಜಾಸ್ತಿ ಮಲಗುವವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಮ್ಮಿ ಮಲಗುವವರಿಗೆ ನೆಗಡಿ ಹತ್ತುವ ಸಾಧ್ಯತೆ ನಾಲ್ಕು ಪಟ್ಟು ಇತ್ತು. ಅದಕ್ಕೇ ಕಾಫಿ ಕುಯ್ಲಿನ ದಿನಗಳಲ್ಲಿ ನಾನು ಓಟ ಕಡಿತ ಮಾಡುತ್ತೇನೆ, ನಿದ್ದೆ ಅಲ್ಲ. ಜ್ವರ ಬಂದರಂತೂ ಓಡಲೇಬೇಡಿ, ಬಿಟ್ಟ ಮೇಲೆ ಅರ್ಧ ದೂರದಿಂದ ಶುರು ಮಾಡಿ.