ಇಂಗ್ಲೆಂಡಿನ ಪೆರೋಲ್: ಕಾಗದದ ಮೇಲೆ ‘ಇಲ್ಲ’ ಎಂದರೆ ಮುಗಿಯಲಿಲ್ಲ

ನಮ್ಮೂರಲ್ಲಿ ಪೆರೋಲ್ ಎಂದರೆ ತಂಗಿಯ ಮದುವೆಗೋ ಅಪ್ಪನ ತಿಥಿಗೋ ಕೈದಿಯನ್ನು ನಾಲ್ಕು ದಿನ ಮನೆಗೆ ಬಿಡುವುದು. ಮುಗಿದ ಮೇಲೆ ಮತ್ತೆ ಪರಪ್ಪನ ಅಗ್ರಹಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಪದದ ಅರ್ಥವೇ ಬೇರೆ. ಉಳಿದ ಶಿಕ್ಷೆಯನ್ನು ಷರತ್ತುಗಳೊಂದಿಗೆ ಹೊರಗೆ ಕಳೆಯಬಹುದೇ ಎಂದು ಪೆರೋಲ್ ಬೋರ್ಡ್ ತೀರ್ಮಾನಿಸುತ್ತದೆ. (ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ವ್ಯವಸ್ಥೆ ಪ್ರತ್ಯೇಕ.) ಎಲ್ಲ ಕೈದಿಗಳೂ ಬೋರ್ಡಿನ ಮುಂದೆ ಬರುವುದಿಲ್ಲ. ಮುಖ್ಯವಾಗಿ ಬರುವವರು ಜೀವಾವಧಿಯವರು, ಮತ್ತು ಬಿಡುಗಡೆಯಾದ ಮೇಲೆ ಷರತ್ತು ಮುರಿದರೆಂದು ‘ರೀಕಾಲ್’ ಆಗಿ ಮತ್ತೆ ಒಳಗೆ ಹೋದವರು.

ಬೋರ್ಡ್ ಮೊದಲು ಡೋಸಿಯರ್, ಅಂದರೆ ಕಡತ ಓದುತ್ತದೆ. ಕಡತ ಓದಿಯೇ ‘ಬಿಡಲಾಗದು’ ಎಂದು ಬರೆದು ಕಳಿಸಬಹುದು. ಆ ಪತ್ರ ನೋಡಿ ಮನೆಯವರು ಕೈಚೆಲ್ಲುತ್ತಾರೆ. ಚೆಲ್ಲಬೇಡಿ. ಮುಖಾಮುಖಿ ವಿಚಾರಣೆ ಬೇಕೆಂದು ಕೈದಿ 28 ದಿನಗಳೊಳಗೆ ಕಾರಣ ಸಹಿತ ಲಿಖಿತ ಅರ್ಜಿ ಹಾಕಬಹುದು.

ಈ ಅರ್ಜಿಗೆ ಬಲ ಕೊಟ್ಟದ್ದು ಆಸ್ಬಾರ್ನ್ ಎಂಬ ಕೈದಿಯ ಪ್ರಕರಣ. 2013ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಲಾರ್ಡ್ ರೀಡ್. ಬಿಡುಗಡೆಯಾಗುವ ಸಾಧ್ಯತೆ ಎಷ್ಟಿದೆ ಎಂದು ಅಳೆದು ವಿಚಾರಣೆ ಕೊಡುವುದಲ್ಲ. ನ್ಯಾಯವಾಗಿ ನಡೆದುಕೊಳ್ಳಲು ವಿಚಾರಣೆ ಬೇಕೆಂದರೆ ಕೊಡಲೇಬೇಕು. ಹಣ, ಸಮಯ ಉಳಿಸಲು ನಿರಾಕರಿಸುವಂತಿಲ್ಲ. ಮುಖ್ಯ ಸಂಗತಿಗಳ ಬಗ್ಗೆ ತಕರಾರಿದ್ದರೆ, ಬಿಟ್ಟರೆ ಆಗಬಹುದಾದ ಅಪಾಯವನ್ನು ಅಂದಾಜು ಮಾಡಲು ಕೈದಿಯನ್ನೇ ಕೇಳಬೇಕಾಗಿದ್ದರೆ, ಮುಖಾಮುಖಿಯೇ ದಾರಿ. ತನ್ನ ಬದುಕಿನ ಬಗ್ಗೆ ತೀರ್ಮಾನವಾಗುವಾಗ ತನ್ನ ಮಾತು ಹೇಳಿಕೊಳ್ಳುವುದು ಆತನ ಘನತೆಯ ಪ್ರಶ್ನೆಯೂ ಹೌದು ಎಂದಿತು ಕೋರ್ಟ್. ನನಗೆ ತೀರ್ಪಿನಲ್ಲಿ ಹೆಚ್ಚು ಹಿಡಿಸಿದ್ದು ಈ ಮಾತೇ.

ಹಾಗಾಗಿ ಅರ್ಜಿಯಲ್ಲಿ ‘ದಯವಿಟ್ಟು ಬಿಡಿ’ ಎಂದು ಗೋಗರೆದು ಫಲವಿಲ್ಲ. ಕಡತದ ಯಾವ ಮಾತು ತಪ್ಪು, ಯಾವುದಕ್ಕೆ ಎದುರಿಗೇ ಉತ್ತರಿಸಬೇಕು ಎಂದು ಬೆರಳಿಟ್ಟು ತೋರಿಸಬೇಕು. ಜೈಲು ಕಾನೂನು ಬಲ್ಲ ಸಾಲಿಸಿಟರನ್ನು, ಅಂದರೆ ವಕೀಲರನ್ನು, ಬೇಗ ಹಿಡಿಯಿರಿ. ಅರ್ಹರಿಗೆ ಸರ್ಕಾರದ ಲೀಗಲ್ ಏಡ್ (ಕಾನೂನು ನೆರವು) ಉಂಟು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಗಡೀಪಾರಿನ ವಿಷಯ ಬೇರೆಯದೇ ಕಡತ. ಪೆರೋಲ್ ಸಿಕ್ಕರೂ ಅದು ತಾನಾಗಿ ಮುಗಿಯುವುದಿಲ್ಲ. ಅದನ್ನೂ ಸಾಲಿಸಿಟರ್ ಹತ್ತಿರ ಕೇಳಿ.

ಇನ್ನೊಂದು: ದುಭಾಷಿ ಬೇಕಿದ್ದರೆ ಮೊದಲೇ ಹೇಳಿ. ಅಂಗಡಿಯಲ್ಲಿ, ಆಫೀಸಿನಲ್ಲಿ ಸಾಕಾಗುವ ಇಂಗ್ಲಿಷು ‘ಆ ದಿನ ನಿನ್ನ ಮನಸ್ಸಿನಲ್ಲಿ ಏನಿತ್ತು?’ ಎಂಬ ಪ್ರಶ್ನೆಗೆ ಸಾಲದು.