ಪೆಡಲ್ ಪೂರ್ತಿ ಒತ್ತಿದರೂ ಎಳೆಯದ ಎಲೆಕ್ಟ್ರಿಕ್ ಕಾರು: ಮೊದಲು ಕರೆಂಟ್ ಅಳೆಯಿರಿ

ನನ್ನದು 48 ವೋಲ್ಟಿನ ಹಳೆಯ ಚಿಕ್ಕ ಕಾರು. ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳು ಸರಣಿಯಲ್ಲಿವೆ. ಮಟ್ಟಸ ರಸ್ತೆಯಲ್ಲಿ ಓಡುತ್ತಿತ್ತು, ಫ್ಲೈಓವರ್ ಏರುವಾಗ ಸೋಲುತ್ತಿತ್ತು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಎಂಟೂ ಬ್ಯಾಟರಿ ಬದಲಿಸಿಬಿಡುತ್ತಾರೆ. ಅದಕ್ಕೆ ಮೊದಲು ಒಂದೇ ಒಂದು ಅಳತೆ ಮಾಡಿ: ಪೂರ್ತಿ ಪೆಡಲ್ ಒತ್ತಿದಾಗ ಬ್ಯಾಟರಿಯಿಂದ ಎಷ್ಟು ಆಂಪಿಯರ್ ಹೋಗುತ್ತಿದೆ, ಆಗ ಕಂಟ್ರೋಲರ್ (ಪೆಡಲ್‌ಗೆ ತಕ್ಕಂತೆ ಮೋಟರ್‌ಗೆ ಕರೆಂಟ್ ಬಿಡುವ ಪೆಟ್ಟಿಗೆ) ಬಳಿ ವೋಲ್ಟೇಜ್ ಎಷ್ಟಿದೆ?

ಇದಕ್ಕೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್, ಅಂದರೆ ಕೇಬಲ್ ಸುತ್ತ ಇಕ್ಕಳದಂತೆ ಹಿಡಿಸಿ ಕರೆಂಟ್ ಅಳೆಯುವ ಮೀಟರ್ ಬೇಕು. ಎಲೆಕ್ಟ್ರಿಷಿಯನ್‌ಗಳ ಬಳಿ ಇರುವ ಅಗ್ಗದವು ಬರೀ ಎಸಿ ಅಳೆಯುತ್ತವೆ, ಕೊಳ್ಳುವಾಗ ನೋಡಿಕೊಳ್ಳಿ. ಕೇಬಲ್‌ಗೆ ಹಾಕುವ ಮುಂಚೆ ಸೊನ್ನೆಗೆ ತನ್ನಿ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಮೀಟರ್ ಓದಬೇಕು.

ಕರೆಂಟ್ ಕಡಿಮೆ, ವೋಲ್ಟೇಜೂ ಕುಸಿದಿದೆ ಎಂದರೆ ತೊಂದರೆ ಬ್ಯಾಟರಿಯಲ್ಲಿ ಅಥವಾ ಜೋಡಣೆಯಲ್ಲಿ. ಕರೆಂಟ್ ಕಡಿಮೆ, ವೋಲ್ಟೇಜ್ ಗಟ್ಟಿಯಾಗಿದೆ ಎಂದರೆ ಪೆಡಲ್ ಅಥವಾ ಕಂಟ್ರೋಲರ್. ಕರೆಂಟ್ ಧಾರಾಳವಾಗಿ ಹೋಗುತ್ತಿದ್ದರೂ ಕಾರು ಏಳುತ್ತಿಲ್ಲ ಎಂದರೆ ಚಕ್ರದ ಕಡೆ ಅಥವಾ ಮೋಟರ್‌ನಲ್ಲಿ ಹುಡುಕಿ.

ನನ್ನ ಕಾರಿನಲ್ಲಿ ಸಿಕ್ಕಿದ್ದು 120 ಆಂಪಿಯರ್, 41.5 ವೋಲ್ಟ್. ಈ ಕಂಟ್ರೋಲರ್ 42 ವೋಲ್ಟಿಗೆ, ಅಂದರೆ ಸೆಲ್ ಒಂದಕ್ಕೆ (ಬ್ಯಾಟರಿಗೆ ಮೂರರಂತೆ ಒಟ್ಟು 24 ಸೆಲ್) 1.75 ವೋಲ್ಟಿಗೆ ಇಳಿಯುತ್ತಿದ್ದಂತೆ ಬ್ಯಾಟರಿ ಉಳಿಸಲು ಕರೆಂಟ್ ಕಡಿತ ಮಾಡುತ್ತದೆ. ಕಾರು ಮಂದವಾಗಿದ್ದು ಅದರಿಂದಲೇ. ಕಂಟ್ರೋಲರ್‌ನಲ್ಲಿ ದೋಷವಿರಲಿಲ್ಲ, ಅದು ತನ್ನ ಕೆಲಸ ಮಾಡುತ್ತಿತ್ತು.

ನಿಂತ ಕಾರಿನಲ್ಲಿ ಬ್ಯಾಟರಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ಏಳು ಬ್ಯಾಟರಿ 6.33 ವೋಲ್ಟ್ ತೋರಿಸಿದರೆ ಕೆಟ್ಟದ್ದೂ 6.24 ತೋರಿಸುತ್ತಿತ್ತು. ಲೋಡ್‌ನಲ್ಲಿ, ಅಂದರೆ ಪೆಡಲ್ ಒತ್ತಿ ಕರೆಂಟ್ ಹೋಗುತ್ತಿರುವಾಗ, ಒಂದೊಂದನ್ನೂ ಅಳೆದಾಗ ಏಳು 5.65ರ ಆಸುಪಾಸಿನಲ್ಲಿದ್ದವು, ಅದೊಂದು 3.1ಕ್ಕೆ ಬಿತ್ತು. ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದರೆ (ಓದು ಕಡಿಮೆ ಎಂದರೆ ಚಾರ್ಜ್ ಕಡಿಮೆ) ಆ ಬ್ಯಾಟರಿಯ ಎರಡು ಸೆಲ್ 1.260ರ ಮೇಲೆ, ಮೂರನೆಯದು 1.190. (27 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಬಿಸಿ ಹೆಚ್ಚಿದ್ದರೆ ಓದಿಗೆ 0.007 ಸೇರಿಸಬೇಕು. ನಮ್ಮ ಬೇಸಿಗೆಯಲ್ಲಿ ಇದು ಲೆಕ್ಕಕ್ಕೆ ಬರುತ್ತದೆ.)

ಸೆಲ್‌ಗಳ ನಡುವೆ 0.030ಕ್ಕಿಂತ ಹೆಚ್ಚು ಅಂತರವಿದ್ದರೆ ಒಡನೆ ಬ್ಯಾಟರಿ ಬಿಸಾಡಬೇಡಿ, ಈಕ್ವಲೈಸ್ ಮಾಡಿ, ಅಂದರೆ ಸೆಲ್‌ಗಳನ್ನು ಸಮ ಮಾಡಲು ಬೇಕೆಂದೇ ತುಸು ಹೆಚ್ಚು ಚಾರ್ಜ್ ಮಾಡಿ. ಪೂರ್ತಿ ಚಾರ್ಜ್ ಆದ ಮೇಲೆ ಇಡೀ ಸರಣಿಗೆ 62ರಿಂದ 64 ವೋಲ್ಟ್, ಸಣ್ಣ ಕರೆಂಟ್‌ನಲ್ಲಿ. ಗಂಟೆಗೊಮ್ಮೆ ಹೈಡ್ರೋಮೀಟರ್ ನೋಡುತ್ತಿರಿ, ಸತತ ಮೂರು ಸಲ ಓದು ಏರದಿದ್ದರೆ ನಿಲ್ಲಿಸಿ. ಆಸಿಡ್ 50 ಡಿಗ್ರಿ ತಲುಪಿದರೂ ನಿಲ್ಲಿಸಿ. ಹೈಡ್ರೋಜನ್ ಹೊರಡುವುದರಿಂದ ಗ್ಯಾರೇಜ್ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಇಷ್ಟಾದ ಮೇಲೂ ಆ ಸೆಲ್ 1.205 ದಾಟಲಿಲ್ಲ, ಹಾಗಾಗಿ ಆ ಬ್ಯಾಟರಿ ತೆಗೆಯಬೇಕಾಯಿತು. ಬದಲಿಗೆ ಅದೇ ಮಾದರಿಯ, ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ಒಳ್ಳೆಯ ಬ್ಯಾಟರಿ ಹಾಕಿದೆ. ಹಳೆಯವುಗಳ ನಡುವೆ ಹೊಚ್ಚ ಹೊಸದೊಂದನ್ನು ಕೂರಿಸಿದರೆ ಅದರ ಪೂರ್ತಿ ಸಾಮರ್ಥ್ಯ ಬಳಕೆಗೆ ಬರುವುದೇ ಇಲ್ಲ, ಸರಣಿಯ ಮಿತಿ ದುರ್ಬಲ ಬ್ಯಾಟರಿಯದ್ದೇ. ಸರಣಿಗಿನ್ನೂ ಒಂದು ವರ್ಷ ತುಂಬಿಲ್ಲವಾದರೆ ಮಾತ್ರ ಹೊಸದು ಹಾಕಬಹುದು.

ಬ್ಯಾಟರಿಯಷ್ಟೇ ಮುಖ್ಯ ಜೋಡಣೆಗಳು, ಜನ ಇದನ್ನೇ ಮರೆಯುತ್ತಾರೆ. ಲೋಡ್ ಇದ್ದಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆ, ಇನ್ನೊಂದು ಕೇಬಲ್ ತುದಿಯ ತಾಮ್ರದ ಲಗ್ ಮೇಲೆ ಇಡಿ. 0.05 ವೋಲ್ಟ್ ಒಳಗಿದ್ದರೆ ಸರಿ. ನನಗೊಂದು ಕಡೆ 0.6 ಸಿಕ್ಕಿತು. 120 ಆಂಪಿಯರ್‌ನಲ್ಲಿ ಅದು 72 ವ್ಯಾಟ್ ಬಿಸಿ, ಅಷ್ಟೂ ಒಂದೇ ಬೋಲ್ಟಿನ ಕೆಳಗೆ. ಬಿಚ್ಚಿ ನೋಡಿದರೆ ಲಗ್ ಮತ್ತು ಟರ್ಮಿನಲ್ ನಡುವೆ ಸ್ಟೀಲ್ ವಾಷರ್! ವಾಷರ್ ಯಾವಾಗಲೂ ಲಗ್‌ನ ಮೇಲೆ, ನಟ್ಟಿನ ಕೆಳಗೆ ಇರಬೇಕು, ತಾಮ್ರ ನೇರವಾಗಿ ಸೀಸಕ್ಕೆ ತಾಗಬೇಕು. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ತೊಳೆಯಿರಿ, ಸೆಲ್ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ ಕೆಡುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಮುಖ್ಯ ಕಂಟ್ಯಾಕ್ಟರ್ (ಬ್ಯಾಟರಿಯನ್ನು ಕಂಟ್ರೋಲರ್‌ಗೆ ಜೋಡಿಸುವ ದೊಡ್ಡ ಸ್ವಿಚ್) ಎರಡು ತುದಿಗಳ ನಡುವೆಯೂ ಇದೇ ರೀತಿ ಅಳೆಯಿರಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಉಂಗುರ ಮತ್ತು ವಾಚ್ ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯುವುದು ಅಪರೂಪ, ಆದರೆ ಶಾರ್ಟ್ ಆದರೆ ಸ್ಪ್ಯಾನರನ್ನೇ ಕರಗಿಸುತ್ತದೆ.

ಎರಡೂ ಸರಿಪಡಿಸಿದ ಮೇಲೆ 170 ಆಂಪಿಯರ್, 42.6 ವೋಲ್ಟ್. ಸುಮಾರು 5 ಕಿಲೋವ್ಯಾಟ್ ಇದ್ದದ್ದು 7.2 ಆಯಿತು, ಫ್ಲೈಓವರ್‌ಗೆ ಧಾರಾಳ ಸಾಕು.

ನಿಮ್ಮಲ್ಲಿ ವೋಲ್ಟೇಜ್ ಗಟ್ಟಿಯಾಗಿದ್ದರೆ ಪೆಡಲ್ ನೋಡಿ. ಕೀ ತೆಗೆದು ಪೊಟೆನ್ಷಿಯೋಮೀಟರ್ (ಪೆಡಲ್ ಎಷ್ಟು ಒತ್ತಿದ್ದೀರೆಂದು ಕಂಟ್ರೋಲರ್‌ಗೆ ತಿಳಿಸುವ ಭಾಗ) ಕನೆಕ್ಟರ್ ಬಿಚ್ಚಿ ಓಮ್ ಅಳೆಯಿರಿ. 5 ಕಿಲೋಓಮ್‌ನದು ಪೂರ್ತಿ ಒತ್ತಿದಾಗ 3.5ಕ್ಕೇ ನಿಂತರೆ ನೀವು ಕೇಳುತ್ತಿರುವುದೇ ಶೇಕಡ 70. ಸಡಿಲಾದ ಲಿಂಕೇಜ್, ಕೆಳಗೆ ಸಿಕ್ಕಿಕೊಂಡ ಮ್ಯಾಟ್, ಎರಡೂ ಇದನ್ನು ಮಾಡುತ್ತವೆ. ಹೊರಟಾಗ ಚುರುಕಾಗಿದ್ದು ಕೆಲವು ಕಿಲೋಮೀಟರ್ ಆದ ಮೇಲೆ ಮಂದವಾದರೆ ಕಂಟ್ರೋಲರ್ ಬಿಸಿಯಾಗುತ್ತಿದೆ: ಹೀಟ್‌ಸಿಂಕ್‌ಗೆ ಮೆತ್ತಿದ ಮಣ್ಣು ತೆಗೆಯಿರಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿ. ಕರೆಂಟ್ ಹೆಚ್ಚಿದ್ದರೆ ಜಾಕ್ ಏರಿಸಿ ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ, ಹಿಡಿಯುವ ಬ್ರೇಕ್ ಕೂಡಲೇ ಗೊತ್ತಾಗುತ್ತದೆ.

ಇದೆಲ್ಲ 48 ವೋಲ್ಟಿನ ಕಾರಿಗೆ. ಈಗಿನ ಲಿಥಿಯಂ ಕಾರುಗಳಲ್ಲಿ 300 ವೋಲ್ಟಿಗೂ ಮೇಲೆ ಇರಬಹುದು, ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ. ಅಲ್ಲಿ ಇಕೋ ಮೋಡ್ ಮತ್ತು ಟಯರ್ ಗಾಳಿ ನೋಡಿ, ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಚಿಕ್ಕ ಸಾಧನ) ಹಾಕಿ ಏರುವಾಗಿನ ಅತಿ ಕಡಿಮೆ ಮತ್ತು ಅತಿ ಹೆಚ್ಚು ಸೆಲ್ ವೋಲ್ಟೇಜ್, ಬ್ಯಾಟರಿ ಉಷ್ಣತೆ ಬರೆದುಕೊಳ್ಳಿ. ಆ ಚೀಟಿ ಹಿಡಿದು ಸರ್ವೀಸ್‌ಗೆ ಹೋದರೆ ಎಲ್ಲಿಂದ ಹುಡುಕಬೇಕೆಂದು ಅವರಿಗೂ ತಿಳಿಯುತ್ತದೆ.