ಹೆಸರುಕಾಳಿಗೆ ನುಸಿ ಹತ್ತದಂತೆ ಮೂರು ಪದರದ ಚೀಲ: ನಮ್ಮ ಅನುಭವ

ಗದಗ, ರೋಣ ಕಡೆಯ ಎರೆಹೊಲದ ಹೆಸರಿಗೆ ನುಸಿ ಬಹುಪಾಲು ಹೊಲದಿಂದಲೇ ಬರುತ್ತದೆ. ಕಾಯಿ ಬಲಿಯುವಾಗಲೇ ದುಂಬಿ ಅದರ ಮೇಲೆ ತತ್ತಿ ಇಡುತ್ತದೆ. ಮರಿಹುಳು ಕಾಳಿನೊಳಗೆ ಸೇರಿರುವುದರಿಂದ ರಾಶಿ ಮಾಡುವಾಗ ಕಣ್ಣಿಗೆ ಬೀಳುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ಸುಮಾರು ತಿಂಗಳಿಗೊಂದು ತಲೆಮಾರು. ಹಾಗೆಂದು ನುಸಿ ಕೊಲ್ಲಲು ಜನ ಮಲಗುವ ಮನೆಯಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡಲೇಬಾರದು, ಅದರ ಅನಿಲ ಜೀವ ತೆಗೆಯುತ್ತದೆ.

ನಾವು ಬಳಸುವುದು ಪಿಕ್ಸ್ (PICS) ಎಂಬ ಮೂರು ಪದರದ ಚೀಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕ್ಯಾಮರೂನ್ ದೇಶದ ಸಂಶೋಧಕರ ಜೊತೆ ಸೇರಿ ಅಲ್ಲಿನ ಅಲಸಂದಿಗೆಂದು ರೂಪಿಸಿದ ವಿಧಾನವಿದು. ಅಲ್ಲಿನ ಹುಳು, ನಮ್ಮ ಹೆಸರು-ಕಡಲೆಗೆ ಬೀಳುವ ಹುಳು ಒಂದೇ ಕುಲದವು. ಕರೆಂಟು ಬೇಡ, ಔಷಧ ಬೇಡ. ದೇಶ ದಾಟಿ ಬರುವ ತಂತ್ರಜ್ಞಾನ ಹೀಗೆ ಮನೆಮಂದಿಯ ಕೈಗೆ ನಿಲುಕುವಂತಿರಬೇಕು.

ಒಳಗೆ 80 ಮೈಕ್ರಾನ್ ದಪ್ಪದ ಎರಡು ಪಾಲಿಥೀನ್ ಚೀಲ, ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ. ಬಾಯಿ ಬಿಗಿದ ಮೇಲೆ ಒಳಗಿನ ಆಮ್ಲಜನಕವನ್ನು ಹುಳುಗಳೇ ಉಸಿರಾಡಿ ಖಾಲಿ ಮಾಡುತ್ತವೆ. ಒಣಗಿದ ಕಾಳು ತಿನ್ನುವ ಹುಳು ತನಗೆ ಬೇಕಾದ ನೀರನ್ನು ಮೈಯೊಳಗೇ ತಯಾರಿಸಿಕೊಳ್ಳಬೇಕು. ಆಮ್ಲಜನಕವಿಲ್ಲದೆ ಅದು ಆಗದು, ಹುಳು ಒಣಗಿ ಸಾಯುತ್ತದೆ. ನಮ್ಮ ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ಜೋಳ ಕಾಯುತ್ತಿದ್ದುದೂ ಹೀಗೆಯೇ. ಬಾಯಿ ತೆಗೆದ ಕೂಡಲೇ ಇಳಿಯದೆ ಹಿರಿಯರು ಮೊದಲು ದೀಪ ಇಳಿಸಿ ನೋಡುತ್ತಿದ್ದುದು ಅದಕ್ಕೇ.

ಚೀಲ ಕಾಳನ್ನು ಒಣಗಿಸುವುದಿಲ್ಲ, ಇದನ್ನು ಮರೆತರೆ ಎಲ್ಲ ಕೆಟ್ಟಂತೆ. ಹೆಸರು ಕೀಳುವುದು ಮಳೆಗಾಲದಲ್ಲಿ. ಹಸಿ ಕಾಳು ಕಟ್ಟಿದರೆ ನುಸಿ ಸತ್ತರೂ ಬೂಸ್ಟು ಹಿಡಿಯುತ್ತದೆ, ಬೀಜಕ್ಕಿಟ್ಟದ್ದು ಮೊಳೆಯುವುದಿಲ್ಲ. ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ ಒಣಗಿಸಬೇಕು. ಪರೀಕ್ಷೆಗೆ ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು, ಒಂದು ಹಿಡಿ ಒಣ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, 15 ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೂ ನಾವು ಇನ್ನೊಂದು ಬಿಸಿಲು ಕಾಣಿಸುತ್ತೇವೆ. ಹಲ್ಲಿಗಿಟ್ಟರೆ ಕಟಕ್ ಎನ್ನಬೇಕು. ನೆರಳಲ್ಲಿ ಆರಿಸಿಯೇ ತುಂಬುವುದು.

ಮೊದಲು ಎರಡೂ ಪಾಲಿಥೀನ್ ಚೀಲಗಳಿಗೆ ಗಾಳಿ ತುಂಬಿ, ಬಾಯಿ ತಿರುಚಿ, ಕೆನ್ನೆಯ ಬಳಿ ಹಿಡಿದು ಒತ್ತಬೇಕು. ಸೋರಿದರೆ ಗಾಳಿ ಕೆನ್ನೆಗೆ ತಾಗುತ್ತದೆ. ಒಂದರೊಳಗೊಂದು ಇಟ್ಟು, ತೀರ ಒಳಗಿನದಕ್ಕೆ ಕಾಳು ಸುರಿದು, ಅಲುಗಿಸಿ ಕೂಡಿಸಿ, ಗಾಳಿ ಹೊರಡುವಂತೆ ಒತ್ತಬೇಕು. ಗೇಣುದ್ದ ಬಾಯಿ ಬಿಟ್ಟು ಬಿಗಿಯಾಗಿ ತಿರುಚಿ, ಮಡಚಿ, ಸುತಳಿಯಿಂದ ಎರಡು ಕಡೆ ಕಟ್ಟಬೇಕು. ನಡುವಿನದನ್ನೂ ಹೊರಗಿನದನ್ನೂ ಬೇರೆ ಬೇರೆಯಾಗಿಯೇ ಕಟ್ಟಬೇಕು. ಮೂರನ್ನೂ ಒಟ್ಟಿಗೆ ಹಿಡಿದು ಕಟ್ಟಿದರೆ ಮಡಿಕೆಗಳ ಸಂದಿಯಿಂದ ಗಾಳಿ ನುಗ್ಗುತ್ತದೆ.

ಅರ್ಧ ತುಂಬಿದ ಚೀಲದಲ್ಲಿ ಗಾಳಿ ಹೆಚ್ಚು ಉಳಿದು ಹುಳು ಬೇಗ ಸಾಯುವುದಿಲ್ಲ. ವಾರವಾರ ಬಿಚ್ಚುವವರಿಗೂ ಇದು ಒಗ್ಗದು. ಅಡುಗೆಯ ಕಾಳನ್ನು ಬೇರೆ ಡಬ್ಬಿಯಲ್ಲಿಡಿ. ಕಡಲೆಯ ಒಣ ಕಡ್ಡಿ ಪಾಲಿಥೀನನ್ನು ಚುಚ್ಚುತ್ತದೆ, ಹಾಗಾಗಿ ಮೊರದಲ್ಲಿ ಕೇರಿಯೇ ತುಂಬಬೇಕು. ಇಲಿಗೆ ಮಾತ್ರ ಈ ಚೀಲ ತಡೆಯಲ್ಲ. ಹಲಗೆಯ ಮೇಲೆ, ಗೋಡೆಯಿಂದ ದೂರ ಇಟ್ಟು, ಸುತ್ತ ಕಸ ನಿಲ್ಲದಂತೆ ನೋಡಿಕೊಳ್ಳಬೇಕು. ಖಾಲಿಯಾದ ಚೀಲವನ್ನು ಎಸೆಯಬೇಡಿ. ಮತ್ತೆ ಗಾಳಿ ತುಂಬಿ ನೋಡಿ, ಸೋರದಿದ್ದರೆ ಮುಂದಿನ ಸುಗ್ಗಿಯ ಕಡಲೆಗೆ ಅದೇ ಸಾಕು.